ಯಮನವ್ವ ಕಂಡ ಎಂಟು ಶಿವರಾಯಿ

ಇಪ್ಪತ್ತೆರಡು ವರ್ಷ ಯಮನವ್ವ ನಾಸಿಕದ ಪಂಚವಟಿಯಲ್ಲಿ ಗೋದಾವರಿಯ ಮೊಣಕಾಲುದ್ದ ನೀರಿನಲ್ಲಿ ನಿಂತು ಜರಡಿ ಹಿಡಿದಳು. ಭಕ್ತರು ಕೈಮುಗಿದು ನೀರಿಗೆಸೆದ ದುಡ್ಡನ್ನು ಉಸುಕಿನಿಂದ ಸೋಸಿ ತೆಗೆಯುವ ಕೆಲಸ. ಇಂಡಿ ತಾಲೂಕಿನಿಂದ ಗಾರೆ ಕೆಲಸಕ್ಕೆಂದು ಕರೆತಂದ ಗಂಡ ಸೋಮಲಿಂಗ ಮೂರೇ ವರ್ಷಕ್ಕೆ ತೀರಿಕೊಂಡ. ಆಮೇಲೆ ಅವಳನ್ನೂ ಮಗ ತುಕಾರಾಮನನ್ನೂ ಸಾಕಿದ್ದು ಅದೇ ಜರಡಿ. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆಯೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಮಗ ಮಾತ್ರ ದೊಡ್ಡವನಾಗುತ್ತಾ ಆ ಮಾತು ಎತ್ತುವುದನ್ನೇ ಬಿಟ್ಟಿದ್ದ.

ತುಕಾರಾಮ ಈಗ ಛತ್ರಪತಿ ಸಂಭಾಜಿನಗರದ ಪಕ್ಕ ವಾಳೂಜಿನ ಒಂದು ಕಾರ್ಖಾನೆಯಲ್ಲಿ ಫಿಟರ್. ಅವನ ಸೂಪರ್‌ವೈಸರ್ ಉತ್ಕರ್ಷನಿಗೆ ಹಳೇ ನಾಣ್ಯಗಳ ಹುಚ್ಚು. ಆ ಹುಚ್ಚು ಇವನಿಗೂ ಅಂಟಿ ಇಬ್ಬರೂ ದೋಸ್ತರಾಗಿದ್ದರು. ಪಂಚವಟಿಯಲ್ಲಿ ತಮ್ಮದು ಪೂಜಾ ಸಾಮಾನಿನ ಅಂಗಡಿ ಇದೆಯೆಂದು ತುಕಾರಾಮ ಅವನೆದುರು ಎಂದೋ ಬುರುಡೆ ಬಿಟ್ಟಿದ್ದ. ಯಮನವ್ವ ನಾಲ್ಕು ದಿನ ಇದ್ದು ಹೋಗಲು ಮಗನ ಖೋಲಿಗೆ ಬಂದಾಗಲೇ ಊರಿನ ಮಂಗಲ ಕಾರ್ಯಾಲಯವೊಂದರಲ್ಲಿ ನಾಣ್ಯಗಳ ಪ್ರದರ್ಶನ, ಮಾರಾಟ ಬಿತ್ತು. ಭಾನುವಾರ ಕಾರು ತಂದ ಉತ್ಕರ್ಷ, "ಮಾವಶಿ, ನೀವೂ ಬರಲೇಬೇಕು" ಎಂದು ಚಿಕ್ಕಮ್ಮನಿಗೆ ಹೇಳುವಂತೆ ಹಟ ಹಿಡಿದ. ಚಪ್ಪಲಿ ಮೆಟ್ಟುವಾಗ ತುಕಾರಾಮ ಅವ್ವನ ಕಿವಿಯ ಹತ್ತಿರ ಬಂದ.

"ಅವ್ವಾ, ಅಲ್ಲಿ ಹೊಳಿ ಮಾತು ತೆಗೀಬ್ಯಾಡ. ನಿಂದು ಅಂಗಡಿ ಐತಿ ಅಂತ ಹೇಳೀನಿ. ಸಾಹೇಬರ ಮುಂದ ನನ್ನ ಮರ್ಯಾದಿ ಉಳಸು."

"ಅಂಗಡಿ ಯಾವಾಗ ಇಟ್ಟಿಯೋ? ಮೊದಲ ಹೇಳಿದ್ರ ಹೋಗಿ ಗಲ್ಲಾದ ಮುಂದ ಕುಂದ್ರತಿದ್ದೆ" ಎಂದಳು. ಆದರೂ ಮಾತು ಕೊಟ್ಟಳು.

ಉತ್ಕರ್ಷ ಹುಷಾರಿನ ಮನುಷ್ಯ. ಮೊದಲು ಎಲ್ಲ ಮೇಜುಗಳನ್ನೂ ಒಂದು ಸುತ್ತು ಬರೀ ನೋಡಿದ, ಕಿಸೆಗೆ ಕೈ ಹಾಕಲಿಲ್ಲ. ಒಂದೇ ನಾಣ್ಯದ ರೇಟು ಮೂರು ಕಡೆ ಕೇಳಿದ. ಭೂತಗನ್ನಡಿ, ಅಂಗೈಯಗಲದ ತೂಕದ ಯಂತ್ರ ಎರಡೂ ಅವನ ಚೀಲದಲ್ಲಿದ್ದವು. ತಿಕ್ಕಿ ಥಳಥಳ ಮಾಡಿದ ನಾಣ್ಯವನ್ನು ಮುಟ್ಟಲೇ ಇಲ್ಲ. ಬಿಲ್ ಕೊಡುವುದಿಲ್ಲ ಎಂದವನಿಗೆ ನಿಂತಲ್ಲೇ ನಮಸ್ಕಾರ ಹಾಕಿದ. ಈ ಪುಣ್ಯಾತ್ಮ ಹೆಣ್ಣು ನೋಡಲು ಹೋದಾಗಲೂ ಇಷ್ಟು ನೋಡಿರಲಿಕ್ಕಿಲ್ಲ ಎಂದುಕೊಂಡಳು ಯಮನವ್ವ.

ಇಂಥವನು ಕಡೆಗೆ ಬಿದ್ದದ್ದು ಒಂದು ಕಥೆಗೆ. ಮೂಲೆಯ ಮೇಜಿನವನು ಕೆಂಪು ಬಟ್ಟೆ ಬಿಚ್ಚಿ ಎಂಟು ಶಿವರಾಯಿ ಹರವಿದ. ಶಿವರಾಯಿ ಎಂದರೆ ಮರಾಠರ ಕಾಲದ ತಾಮ್ರದ ದುಡ್ಡು. "ಪಂಚವಟಿಯಲ್ಲಿ ನೀರು ಇಳಿದಾಗ ಸಿಕ್ಕವು ಸಾಹೇಬ. ಮೈಮೇಲಿನ ಹಸಿರು ನೋಡಿ, ಅದು ಗೋದಾವರಿ ಹಚ್ಚಿದ್ದು" ಎಂದ. ಎಂಟಕ್ಕೂ ಸೇರಿ ಹನ್ನೆರಡು ಸಾವಿರ, ಬಿಲ್ ಸಮೇತ. ಉತ್ಕರ್ಷ ಒಂದೊಂದಾಗಿ ತೂಗಿದ. ಎಂಟೂ ಒಂದೇ ತೂಕ ಬಂದವು. ಅಸಲಿಯೇ ಎಂದು ನಂಬಿ ಅವನ ಮುಖ ಅರಳಿತು.

ಯಮನವ್ವ ಒಂದನ್ನು ಕೈಗೆತ್ತಿಕೊಂಡಳು. ಹೊಳೆಯ ದುಡ್ಡನ್ನು ಉಸುಕು ಬಿಡುವಿಲ್ಲದೆ ಉಜ್ಜುತ್ತದೆ. ಉಬ್ಬಿದ ಅಕ್ಷರ ಸವೆದು ಬೋಳಾಗುತ್ತದೆ, ಕಿಲುಬು ನಿಲ್ಲುವುದು ತಗ್ಗಿನಲ್ಲಿ. ಇಲ್ಲಿ ನೋಡಿದರೆ ಅಕ್ಷರದ ನೆತ್ತಿಯ ಮೇಲೆಯೇ ಹಸಿರು ಕೂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಥರ ಸವೆದು ಒಂದೇ ತೂಕಕ್ಕೆ ಬಂದ ಎರಡು ಹಳೇ ದುಡ್ಡನ್ನು ಅವಳು ಕಂಡಿರಲಿಲ್ಲ. ಇವನ ಬಳಿ ಎಂಟು ಇದ್ದವು.

"ತುಕ್ಯಾ, ಇವು ಹೊಳಿ ದುಡ್ಡಲ್ಲ" ಎಂದಳು ಕನ್ನಡದಲ್ಲಿ.

ತುಕಾರಾಮನ ಮುಖ ಸಣ್ಣದಾಯಿತು. ಅವ್ವನ ಕಣ್ಣು ತಪ್ಪುವುದಿಲ್ಲ ಎಂಬುದು ಅವನಿಗೆ ಗೊತ್ತು. "ಸುಮ್ನಿರವ್ವಾ, ಕೈ ಮುಗೀತೀನಿ."

ಉತ್ಕರ್ಷ ಆಗಲೇ ನೋಟು ಎಣಿಸುತ್ತಿದ್ದ. ಯಮನವ್ವನಿಗೆ ತಡೆಯಲಾಗಲಿಲ್ಲ. "ಬೇಡ ಸಾಹೇಬ, ಇವು ಖೋಟಾ. ಹೊಳೆಯಲ್ಲಿ ಬಿದ್ದವಲ್ಲ" ಎಂದಳು ಮರಾಠಿಯಲ್ಲಿ.

ಮೇಜಿನವನು ನಕ್ಕ. "ಮಾವಶಿ, ನಿಮ್ಮ ಕಸುಬು ಏನು?"

"ಪೂಜಾ ಸಾಮಾನಿನ ಅಂಗಡಿ ಇದೆ ಇವರದು" ಎಂದ ಉತ್ಕರ್ಷ.

"ಹಾಗಾದರೆ ಊದಿನಕಡ್ಡಿಯ ವಿಷಯ ನೀವು ಹೇಳಿ, ಹೊಳೆಯದು ನನಗೆ ಬಿಡಿ."

ಉತ್ಕರ್ಷನ ಕೈ ಒಂದು ಗಳಿಗೆ ನಿಂತು ಮತ್ತೆ ಎಣಿಸತೊಡಗಿತು. ಯಮನವ್ವನ ನಾಲಗೆಯ ತುದಿಯಲ್ಲೇ ಉತ್ತರವಿತ್ತು. ಮಗನಿಗೆ ಮಾತು ಕೊಟ್ಟಿದ್ದಳಲ್ಲ, ನುಂಗಿಕೊಂಡಳು. ನಾಣ್ಯವನ್ನು ಮೇಜಿನ ಮೇಲಿಟ್ಟು, ಸೆರಗು ಹೊದ್ದು ಬಾಗಿಲ ಕಡೆ ಹೊರಟಳು. ಸಿಟ್ಟಿಗೆ ಕಣ್ಣು ತುಂಬಿದ್ದವು.

"ಸಾಹೇಬ, ನಿಲ್ಲಿ." ಹಿಂದಿನಿಂದ ತುಕಾರಾಮನ ದನಿ ಕೇಳಿತು, ಮರಾಠಿಯಲ್ಲಿ. "ಅಂಗಡಿ ಗಿಂಗಡಿ ಏನೂ ಇಲ್ಲ. ನಾನು ಸುಳ್ಳು ಹೇಳಿದ್ದೆ. ನಮ್ಮವ್ವ ಅದೇ ಹೊಳೆಯಲ್ಲಿ ಇಪ್ಪತ್ತೆರಡು ವರ್ಷ ದುಡ್ಡು ಸೋಸಿದ್ದಾಳೆ. ಅವಳು ಅಲ್ಲ ಅಂದರೆ ಅಲ್ಲ."

ಮೇಜಿನವನು ಕೆಂಪು ಬಟ್ಟೆ ಮಡಚಿದ. ಉತ್ಕರ್ಷ ನೋಟುಗಳನ್ನು ಕಿಸೆಗೆ ಸೇರಿಸಿ ಯಮನವ್ವನನ್ನು ಕರೆತಂದು ಇನ್ನೊಂದು ಮೇಜಿನ ಮುಂದೆ ನಿಲ್ಲಿಸಿದ. ಅಲ್ಲಿ ನಾಲ್ಕುನೂರು ರೂಪಾಯಿಯ ಒಂದು ಶಿವರಾಯಿ ಇತ್ತು, ಸವೆದದ್ದು. ಅದನ್ನು ಅವಳ ಅಂಗೈಗಿಟ್ಟ. ಅವಳು ಹೆಬ್ಬೆರಳಿನಿಂದ ಅಂಚು ಸವರಿ ನೋಡಿದಳು.

"ಇದು ಖರೆ. ತಗೊಳ್ಳಿ."

"ಮಾವಶಿ, ಇಂಥವು ನಿಮಗೂ ಸಿಗುತ್ತಿದ್ದವೇ?"

"ಸಿಗದೆ ಏನು? ಎರಡು ಡಬ್ಬಿ ತುಂಬಿದ್ದವು."

ಉತ್ಕರ್ಷ ಬೆಚ್ಚಿ ನಿಂತ. "ಎರಡು ಡಬ್ಬಿ? ಈಗ ಎಲ್ಲಿವೆ?"

ಯಮನವ್ವ ಮಗನ ಕಡೆ ಕೈ ತೋರಿಸಿದಳು.

"ತಾಮ್ರದವನಿಗೆ ಕಿಲೋ ಲೆಕ್ಕದಲ್ಲಿ ಹಾಕಿದೆ. ಇವನ ಐಟಿಐ ಫೀ ಕಟ್ಟಬೇಕಿತ್ತು."