ಕಂಪ್ಯೂಟರಿನ ಪಾಲು

ಗೆಳೆಯರೇ, ಇಂದು ಮಧ್ಯಾಹ್ನ ಸವಣೂರಿನ ನಮ್ಮ ಮನೆ ಪಾಲಾಯಿತು. ಹೊಲ, ಎಲೆತೋಟ, ಪಾತ್ರೆ ಎಲ್ಲ ಗದ್ದಲವಿಲ್ಲದೆ ಮುಗಿದವು. ಕೊನೆಗೆ ಉಳಿದದ್ದು ನಾನೂ ತಮ್ಮ ಶೇಖರನೂ ಕೂಡಿ ಕಟ್ಟುತ್ತಿದ್ದ ಕಂಪ್ಯೂಟರ್. ಊರಿನಲ್ಲಿ ಇನ್ನೂ ಯಾರೂ ಕಾಣದ ವಸ್ತು ಅದು. ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಒಂದಕ್ಕೊಂದು ಹೊಂದಬೇಕೆಂದು ಇಬ್ಬರೂ ಮುಂಬಯಿಯ ಅಂಗಡಿಗಳನ್ನೆಲ್ಲ ಅಲೆದು ಆರಿಸಿ ತಂದಿದ್ದೆವು.

ಪಾಲು ಮಾಡಲು ಹಂಸಭಾವಿಯಿಂದ ಬಂದಿದ್ದ ಸೋದರಮಾವ ಕೇಳಿದರು, "ಇದರಾಗ ಮುಖ್ಯ ಯಾವುದೋ?"

"ಪ್ರೊಸೆಸರ್ ರೀ ಮಾವಾ. ಲೆಕ್ಕ ಮಾಡೂದ ಅದು," ಎಂದ ಶೇಖರ.

"ಬೋರ್ಡ್ ಇಲ್ಲಂದ್ರ ಅದು ಎಲ್ಲಿ ಕುಂದರ್ತೈತಿ?" ಎಂದೆ ನಾನು.

"ಹಂಗಾರ ಅದು ಅವಗ, ಇದು ನಿನಗ," ಎಂದರು ಮಾವ.

ಶೇಖರ ನನ್ನ ಮುಖ ನೋಡಿದ. ನಾನು ಬೇಡವೆನ್ನಲಿ ಎಂದು ಕಾದನೇನೋ. ಅವನು ಅನ್ನಲಿ ಎಂದು ನಾನೂ ಕಾದೆ. ಕಡೆಗೆ ಅವನು ಪ್ರೊಸೆಸರಿನ ಸೂಜಿಯಂಥ ಕಾಲುಗಳು ಬಾಗದಂತೆ ಮೆಲ್ಲಗೆ ಎಬ್ಬಿಸಿ, ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ.

ಯಂತ್ರ ಕಾಯದಿರಲೆಂದು ತಂದಿದ್ದ ಪುಟ್ಟ ಫ್ಯಾನು ಹಾಗೇ ಬಿದ್ದಿತ್ತು. ಅವ್ವ ಅದನ್ನು ಕೈಗೆತ್ತಿಕೊಂಡು ಮಾವನನ್ನು ಕೇಳಿದಳು, "ಇದೂ ನಾನೂ ಯಾರ ಪಾಲಿಗಣ್ಣಾ?"

ಮಾವನಿಗೆ ಆಗಲೇ ಬಸ್ಸಿನ ಹೊತ್ತಾಗಿತ್ತು.