ಹಕ್ಕು ಬಿಟ್ಟ ಸೋದರಮಾವ

ನನ್ನ ಸೋದರಮಾವನ ಹೆಬ್ಬೆರಳಿನ ಉಗುರು ವರ್ಷವಿಡೀ ಹಸಿರು. ಹುತ್ತೂರಿನ ಮನೆಯಲ್ಲಿ ಅವನು ರೇಷ್ಮೆಹುಳು ಸಾಕುತ್ತಿದ್ದ. ಹಿಪ್ಪುನೇರಳೆ ಸೊಪ್ಪು ಚಿವುಟಿ ಚಿವುಟಿ ಆ ಬಣ್ಣ ಉಗುರಿನ ಸಂದಿಗೆ ಇಳಿದುಬಿಟ್ಟಿತ್ತು. ಹಬ್ಬದ ದಿನ ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಖುಷಿಯಾದರೆ ತೆಲುಗು, ಸಿಟ್ಟು ಬಂದರೆ ಕನ್ನಡ. ನಾನು ಹೋದಾಗಲೆಲ್ಲ "ರಾವೇ ಬಂಗಾರು" ಎಂದು ಬಾಗಿಲಲ್ಲೇ ಎತ್ತಿಕೊಳ್ಳುತ್ತಿದ್ದ. ಹುಳುಮನೆಯೊಳಗೆ ಮಾತ್ರ ಕಾಲು ತೊಳೆದು, ಬಾಯಿ ಮುಚ್ಚಿಕೊಂಡು ಹೋಗಬೇಕಿತ್ತು. "ಗಲಾಟೆ ಮಾಡಿದ್ರೆ ದೇವ್ರು ಸುಮ್ನಿರ್ತಾನೆ ಕಣೇ, ಹುಳ ಸುಮ್ನಿರಲ್ಲ" ಎನ್ನುತ್ತಿದ್ದ.

ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೇ ಮೊದಲ ಹಕ್ಕು. ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಳು. ಅವನಿಗಾಗ ಮೂವತ್ತು ದಾಟಿತ್ತು, ನಾನಿನ್ನೂ ಲಂಗ ಉಡುತ್ತಿದ್ದೆ. ವರ್ಷದ ತಿಥಿ ಮುಗಿಯುತ್ತಲೇ ಅವನ ತಾಯಿ, ನನ್ನ ಅಜ್ಜಿ, ಜೋಯಿಸರನ್ನು ಕರೆಸಿ ಜಗುಲಿಯಲ್ಲಿ ಕೂರಿಸಿದಳು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಪ್ರಾಣಕ್ಕಿಂತ ಹೆಚ್ಚಾದ ಮಾವನೇ. ಆದರೂ ಆ ಮದುವೆ ಬೇಡವಾಗಿತ್ತು.

"ಶಾಸ್ತ್ರದಲ್ಲಿ ಕೂಡದು ಅನ್ನೋರೂ ಇದ್ದಾರೆ. ಆದ್ರೆ ಶಾಸ್ತ್ರಕ್ಕಿಂತ ರೂಢಿ ಬಲ. ನಮ್ಮ ಸೀಮೇಲಿ ಇದೇ ರೂಢಿ" ಎಂದರು ಜೋಯಿಸರು.

ಮಾವ ಬಾಯಿ ತೆರೆದದ್ದು ಕನ್ನಡದಲ್ಲಿ. "ಹಣ್ಣಾಗ್ದಿರೋ ಹುಳನ ಚಂದ್ರಿಕೆ ತಟ್ಟೆಗೆ ಬಿಟ್ರೆ ಗೂಡು ಕಟ್ಟುತ್ತೇನಮ್ಮ? ಇವ್ಳಿನ್ನೂ ಮಗು. ನಾನು ಎತ್ತಾಡ್ಸಿದ ಮಗು."

ಅಮ್ಮ ಅಳತೊಡಗಿದಳು. "ಸೋದರಮಾವನೇ ಬೇಡ ಅಂದ ಹುಡ್ಗೀನ ಇನ್ಯಾರು ತಗೊಳ್ತಾರೋ? ಏನೋ ಐಬಿದೆ ಅಂತಾರೆ ಕಣೋ."

ಅದು ಸುಳ್ಳಲ್ಲ. ಅಂಥ ಹುಡುಗಿಯರ ಬಗ್ಗೆ ಊರು ಆಡುತ್ತಿದ್ದ ಮಾತು ನಮಗೆಲ್ಲ ಗೊತ್ತಿತ್ತು. ಮಾವ ಜೋಯಿಸರ ಕಡೆ ತಿರುಗಿದ.

"ಐಬು ನಂದು ಅಂತ ಹೇಳಿ ಸ್ವಾಮಿ. ಇವನ ಜಾತಕದಲ್ಲಿ ದೋಷ ಐತೆ, ಕಟ್ಕೊಂಡೋಳು ಉಳಿಯಲ್ಲ ಅಂತ ನಾಲ್ಕೂರಲ್ಲಿ ಹೇಳಿ."

"ಹಾಗಂದ್ರೆ ನಿನಗೆ ಇನ್ಯಾರೂ ಹೆಣ್ಣು ಕೊಡಲ್ಲ ಕಣಯ್ಯ."

"ಕೊಡದಿದ್ರೆ ಬೇಡ ಬಿಡಿ."

ಜೋಯಿಸರು ಹಾಗೆಯೇ ಹೇಳಿದರು. ಎರಡನೆಯ ಮಹಾಯುದ್ಧ ಬಂದು, ಪ್ಯಾರಾಚೂಟಿನ ಬಟ್ಟೆಗೆಂದು ರೇಷ್ಮೆಗೂಡಿಗೆ ಚಿನ್ನದ ಬೆಲೆ ಬಂತು, ಮಾವ ಹೆಂಚಿನ ಮನೆ ಕಟ್ಟಿಸಿದ, ಆದರೂ ಯಾರೂ ಹೆಣ್ಣು ಕೊಡಲಿಲ್ಲ. ತಾನೇ ಮುದ್ದೆ ತೊಳಸಿಕೊಂಡು ಉಂಡ. ಮಗನ ಬಾಳು ನನ್ನಿಂದ ಹಾಳಾಯಿತೆಂದು ಅಜ್ಜಿ ನನ್ನೊಡನೆ ಮಾತು ಬಿಟ್ಟಳು. ಅವಳ ಸಿಟ್ಟು ನನಗೆ ಅನ್ಯಾಯವೆನಿಸಿದರೂ ಅವಳ ಸಂಕಟ ಸುಳ್ಳೆಂದು ಎಂದೂ ಅನಿಸಲಿಲ್ಲ.

ಮೈನೆರೆದು ಕೆಲವು ವರ್ಷಗಳಾದ ಮೇಲೆ ನನ್ನನ್ನು ಮುಳಬಾಗಿಲಿನ ಮೇಷ್ಟರೊಬ್ಬರಿಗೆ ಕೊಟ್ಟರು. ಮದುಮಗಳನ್ನು ಮಂಟಪಕ್ಕೆ ಎತ್ತಿಕೊಂಡು ಬರುವುದು ಸೋದರಮಾವನೇ. ಮಾವ ಏದುಸಿರು ಬಿಡುತ್ತ, "ಹಕ್ಕು ಬಿಟ್ಟೆ, ಹೊರೆ ಮಾತ್ರ ತಪ್ಪಲಿಲ್ಲ ನೋಡೇ" ಎಂದು ಕಿವಿಯಲ್ಲಿ ಹೇಳಿ ನಗಿಸಿದ. ಇಳಿಸುವಾಗ, "ಚಲ್ಲಗಾ ಉಂಡು ತಲ್ಲೀ" ಎಂದ. ತಣ್ಣಗೆ ಬಾಳು ತಾಯಿ ಎಂದು.

ನನ್ನ ಎರಡನೆಯ ಮಗು ತೊಟ್ಟಿಲಲ್ಲಿದ್ದಾಗ ಮಾವ ವಿಷಮಜ್ವರದಲ್ಲಿ ಹೋಗಿಬಿಟ್ಟ. ಸುದ್ದಿ ಕೇಳಿ ಹುತ್ತೂರಿಗೆ ಓಡಿಬಂದೆ. ಕೊಟ್ಟ ಹೆಣ್ಣಿಗೆ ಸೋದರಮಾವನ ಸೂತಕ ಹೆಚ್ಚೇನಿಲ್ಲ, ಸ್ನಾನ ಮಾಡಿ ಹೊರಡಬಹುದು ಎಂದರು ಜೋಯಿಸರು. ನಾನು ಹೊರಡಲಿಲ್ಲ. ಗೋಡೆಗೊರಗಿದ್ದ ಅಜ್ಜಿ, ಅಷ್ಟು ವರ್ಷಗಳ ಮೇಲೆ, ನನ್ನನ್ನು ಹತ್ತಿರ ಕರೆದಳು. ನನ್ನ ಎರಡೂ ಕೈ ಹಿಡಿದು ಗಾಜಿನ ಬಳೆಗಳನ್ನು ಒಂದೊಂದಾಗಿ ಮುಟ್ಟಿದಳು.

"ನನ್ ಮಾತು ನಡೆದಿದ್ರೆ ಇವತ್ತು ಇವನ್ನ ನಾನೇ ಒಡೀಬೇಕಾಗಿತ್ತಲ್ಲೇ" ಎಂದಳು.