ಜಂಪಣ್ಣ ಶಾಂಘೈ ನೋಡಿ ಬಂದದ್ದು

ಮೊಳಕಾಲ್ಮೂರಿನ ನೇಕಾರ ಜಂಪಣ್ಣ ಚೀನಾ ದೇಶದ ಶಾಂಘೈಗೆ ಹೋಗಿ ಬಂದದ್ದು ಸಾವಿರದ ಒಂಬೈನೂರ ಏಳನೇ ಇಸವಿಯಲ್ಲಿ. ಆಗ ಅವನಿಗೆ ನಲವತ್ತರ ಹತ್ತಿರ. ಅದುವರೆಗೆ ಅವನು ಕಂಡಿದ್ದ ದೊಡ್ಡ ಊರೆಂದರೆ ಬಳ್ಳಾರಿ ಒಂದೇ.

ಹೋಗಲು ಕಾರಣ ಅವನ ಬೆರಳು. ರೇಷ್ಮೆ ಎಳೆಯನ್ನು ಕಣ್ಣುಮುಚ್ಚಿ ಎರಡು ಬೆರಳ ನಡುವೆ ಹೊರಳಿಸಿದರೆ ಸಾಕು, ಅದು ಚೊಕ್ಕ ನೂಲೋ, ತೂಕ ಬರಲೆಂದು ಗಂಜಿ ಹಾಕಿದ್ದೋ ಹೇಳಿಬಿಡುತ್ತಿದ್ದ. ಬಳ್ಳಾರಿಯ ವ್ಯಾಪಾರಿ ಸಣ್ಣತಿಮ್ಮಪ್ಪ ಸಾಹುಕಾರರಿಗೆ ಎರಡು ವರ್ಷದಿಂದ ಚೀನಾ ನೂಲಿನಲ್ಲಿ ಮೋಸವಾಗುತ್ತಿತ್ತು. ಮೂಟೆಯ ಮೇಲಿನ ಲಡಿ ಚೊಕ್ಕ, ಒಳಗಿನದೆಲ್ಲ ಕಳಪೆ. "ಮದ್ರಾಸಿಗೆ ಬಾ, ಮಾಲು ಆರಿಸಿಕೊಡು, ಹದಿನೈದು ದಿನದಾಗೆ ಮನೆ ಸೇರ್ತೀಯ" ಎಂದು ಅವರು ಕರೆದರು. ಹೆಂಡತಿ ರಂಗಕ್ಕನಿಗೆ ಹಾಗೆಯೇ ಹೇಳಿ ಜಂಪಣ್ಣ ಬಂಡಿಯಲ್ಲಿ ರಾಯದುರ್ಗಕ್ಕೆ ಹೋಗಿ ರೈಲು ಹತ್ತಿದ.

ಮದ್ರಾಸಿನ ಬಂದರಿನಲ್ಲಿ ಹಡಗಿನ ಮುಂದೆ ನಿಲ್ಲಿಸಿ ಸಾಹುಕಾರರು ನಿಜ ಹೇಳಿದರು.

"ಲೇ ಜಂಪಣ್ಣ, ಮಾಲು ಇಲ್ಲಿಲ್ಲ. ಅದು ಹುಟ್ಟೋ ಊರಿಗೇ ಹೋಗಾನ ನಡಿ."

"ಮನ್ಯಾಗೆ ಹದಿನೈದು ದಿನ ಅಂತ ಹೇಳಿ ಬಂದೀನಿ, ಸಾವ್ಕಾರ್ರೇ."

"ನಾನು ಕಾಗದ ಬರೆಸ್ತೀನಿ, ಹತ್ತು."

ಜಂಪಣ್ಣನಿಗೆ ಸಿಟ್ಟು ಬಂತು. ಆದರೆ ಎದುರಿಗಿದ್ದ ಸಮುದ್ರ ನೋಡಿ ಆಸೆಯೂ ಆಯಿತು. ಹತ್ತಿಬಿಟ್ಟ. ಆ ಆಸೆಯನ್ನು ಅವನು ಮುಂದೆ ಯಾರ ಹತ್ತಿರವೂ ಮುಚ್ಚಿಡಲಿಲ್ಲ.

ಸಿಂಗಾಪುರದಲ್ಲಿ ಹಡಗು ಬದಲಾಯಿಸಿ, ತಿಂದದ್ದನ್ನೆಲ್ಲ ಕಕ್ಕಿಕೊಂಡು, ತಿಂಗಳ ಮೇಲೆ ಶಾಂಘೈ ಮುಟ್ಟಿದರು. ವ್ಯಾಪಾರ ಕುದುರುವ ಮುನ್ನ ನಾಲ್ಕು ದಿನ ಸಾಹುಕಾರರು ಊರು ನೋಡಿದರು. ಜಂಪಣ್ಣ ಅವರ ಗಂಟು ಹೊತ್ತು ಹಿಂದೆ ನಡೆದ. ನದಿಯ ದಂಡೆಯುದ್ದಕ್ಕೂ ಕಲ್ಲಿನ ದೊಡ್ಡ ದೊಡ್ಡ ಕಟ್ಟಡಗಳು. ಕೋಟೆಯೊಳಗಿನ ಹಳೇ ಊರಿನಲ್ಲಿ ಕೊಳದ ನಡುವೆ ಒಂದು ಚಹಾದ ಮನೆ, ಅದಕ್ಕೆ ಹೋಗಲು ಹಾವು ಹರಿದಂತೆ ಸೊಟ್ಟಸೊಟ್ಟಗೆ ಕಟ್ಟಿದ ಸೇತುವೆ. ದೆವ್ವಕ್ಕೆ ನೆಟ್ಟಗೆ ನಡೆಯುವುದಷ್ಟೇ ಗೊತ್ತು, ತಿರುವಿನಲ್ಲಿ ನೀರಿಗೆ ಬೀಳುತ್ತದೆ ಎಂದು ಸಾಹುಕಾರರು ಗೊತ್ತುಮಾಡಿಕೊಂಡಿದ್ದ ದುಭಾಷಿ ಹೇಳಿದ. ಜಂಪಣ್ಣ ಬಾಯ್ತುಂಬ ನಕ್ಕ. ಹಾಲಿಲ್ಲದ, ಬೆಲ್ಲವಿಲ್ಲದ ಚಹಾ ಅವನಿಗೆ ಸೇರಲಿಲ್ಲ. ಬಿಸಿ ಸಾರಿನಲ್ಲಿ ಮುಳುಗಿಸಿದ ಶಾವಿಗೆಯೂ ಹಬೆಯಲ್ಲಿ ಬೆಂದ ಕಡುಬೂ ಸೇರಿದವು. ಕಡುಬಿನೊಳಗೆ ಏನಿದೆ ಎಂದು ಕೈಸನ್ನೆಯಲ್ಲಿ ಕೇಳಿದಾಗ ಅಂಗಡಿಯವನು ಹಂದಿಯಂತೆ ಗುಟುರು ಹಾಕಿ ತೋರಿಸಿದ. ಇನ್ನೂ ಎರಡು ಕೊಡು ಎಂದ ಜಂಪಣ್ಣ. ರಂಗಕ್ಕನಿಗೆಂದು ಒಂದು ಮರದ ಬಾಚಣಿಗೆ ಕೊಂಡ.

ಐದನೇ ದಿನ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಗೆ ಹೋದರು. ಬಾಗಿಲು ತೆಗೆದೊಡನೆ ಬಿಸಿ ಹಬೆ ಮುಖಕ್ಕೆ ರಾಚಿತು. ಸತ್ತ ಹುಳದ ನಾತ. ಸಾಲುಸಾಲಾಗಿ ಹೆಂಗಸರು ಕೂತಿದ್ದರು. ಒಬ್ಬೊಬ್ಬಳ ಮುಂದೆಯೂ ಕುದಿಯುವ ನೀರಿನ ಬೋಗುಣಿ, ಅದರಲ್ಲಿ ಕುಣಿಯುವ ಗೂಡುಗಳು. ಬರಿಗೈಯನ್ನೇ ನೀರಿಗಿಳಿಸಿ ಎಳೆಯ ತುದಿ ಹಿಡಿದೆತ್ತುತ್ತಿದ್ದರು. ರಂಗಕ್ಕನ ವಯಸ್ಸಿನ ಒಬ್ಬಳ ಕೈ ಜಂಪಣ್ಣನ ಕಣ್ಣಿಗೆ ಬಿತ್ತು. ಬೆರಳು ಬೆಂದು ಬೆಳ್ಳಗಾಗಿ, ಚರ್ಮ ಸುಲಿದು, ಉಗುರು ಇದ್ದ ಜಾಗದಲ್ಲಿ ಕೆಂಪು ಮಾಂಸ.

ಅವಳ ಎಳೆ ತುಂಡಾಯಿತು. ಹಿಂದೆ ನಿಂತಿದ್ದ ಮೇಸ್ತ್ರಿ ಸೌಟಿನಲ್ಲಿ ಅದೇ ಬೋಗುಣಿಯ ನೀರು ತೆಗೆದು, ಅವಳ ಮುಂಗೈ ಮೇಲೆ ಎರಚಿದ. ಅವಳು ಹಲ್ಲು ಕಚ್ಚಿ ಮತ್ತೆ ಎಳೆ ಹುಡುಕಿದಳು.

ಜಂಪಣ್ಣ ಮೇಸ್ತ್ರಿಯ ಮಣಿಕಟ್ಟು ಹಿಡಿದವನೇ ಆ ಕೈಯನ್ನು ಕುದಿಯುವ ನೀರಿಗೆ ಅದುಮಿದ. ತನ್ನ ಬೆರಳೂ ಜೊತೆಗೆ ಮುಳುಗಿದ್ದು ಅವನಿಗೆ ಗೊತ್ತಾಗಲಿಲ್ಲ. "ನೋಡು! ಹೆಂಗೈತೆ ನೋಡು!" ಎಂದು ಕನ್ನಡದಲ್ಲಿ ಕಿರುಚುತ್ತಿದ್ದ. ಕಾವಲಿನವರು ಓಡಿ ಬಂದು ಅವನನ್ನು ಎತ್ತಿ ಬೀದಿಗೆ ಎಸೆದರು.

ಸಾಹುಕಾರರು ಒಳಗೆ ಕ್ಷಮೆ ಕೇಳಿ, ಮೇಸ್ತ್ರಿಯನ್ನು ಸಮಾಧಾನ ಮಾಡಿ ಹೊರಗೆ ಬಂದರು.

"ಥೂ ನಿನ್ನ! ಆ ಹೆಂಗಸೇನು ನಿನ್ನ ಅಕ್ಕನಾ, ತಂಗಿನಾ? ನಿನ್ನಿಂದ ಅವಳ ಕೆಲಸನೂ ಹೋತು, ಗೊತ್ತೈತಾ? ಸಂಜೆಗೆ ಲೆಕ್ಕ ಮುಗಿಸಿ ಹೊರಗೆ ಹಾಕ್ತಾರಂತೆ."

ಜಂಪಣ್ಣ ಆ ಬಾಗಿಲಿನಲ್ಲಿ ಸಂಜೆಯವರೆಗೆ ಕಾದ. ಅವಳು ಕೊನೆಗೆ ಹೊರಬಂದಳು. ಅವನು ಕೈಮುಗಿದ. ಅವಳು ಅವನನ್ನು ಗುರುತು ಹಿಡಿದು, ತನ್ನ ಭಾಷೆಯಲ್ಲಿ ಏನೋ ಬೈದು, ಅವನ ಕಾಲ ಬಳಿ ಉಗಿದು ಹೊರಟುಹೋದಳು. ಬೈಗುಳ ಅರ್ಥವಾಗಲು ದುಭಾಷಿ ಬೇಕಿರಲಿಲ್ಲ. ಮೇಸ್ತ್ರಿಯ ಮೇಲಿದ್ದ ಸಿಟ್ಟಿಗೆ ತನ್ನ ಮೇಲಿನ ಸಿಟ್ಟೂ ಸೇರಿಕೊಂಡಿತು. ಅಂದಿನಿಂದ ಅವನು ಸಾಹುಕಾರರ ಒಂದು ಲಡಿಯನ್ನೂ ಮುಟ್ಟಲಿಲ್ಲ. ಬೆಂದ ಬೆರಳಿಗೆ ಏನೂ ತಿಳಿಯುವುದಿಲ್ಲ ಎಂದುಬಿಟ್ಟ.

ಸಾಹುಕಾರರ ವ್ಯಾಪಾರ ಎರಡು ತಿಂಗಳು ಎಳೆಯಿತು. ಊರಿಗೆ ಬರುವಾಗ ದಸರೆ ಹತ್ತಿರವಾಗಿತ್ತು. ಕಾಗದ ಬಂದೇ ಇರಲಿಲ್ಲ. ರಂಗಕ್ಕ ಬಾಗಿಲಲ್ಲೇ ತಡೆದಳು.

"ಐದು ತಿಂಗಳು! ಸತ್ತೀಯೋ ಬದುಕೀಯೋ ತಿಳೀದಂಗೆ ಮಗ್ಗದ ಮುಂದೆ ಕೂತಿದ್ದೆ. ಈಗ ಬಾಚಣಿಗೆ ಹಿಡ್ಕಂಡು ಬಂದೀಯಾ?"

ಅವನು ಎಲ್ಲವನ್ನೂ ಹೇಳಿದ. ಅವಳು ಬಾಚಣಿಗೆಯನ್ನು ಅಂಗಳಕ್ಕೆ ಎಸೆದು ಅವನ ಬೆರಳಿಗೆ ಹರಳೆಣ್ಣೆ ಹಚ್ಚಿದಳು.

ನಾಲ್ಕನೇ ದಿನ ಕುಲದ ಹಿರಿಯ ಬೊಮ್ಮಲಿಂಗಪ್ಪನ ಜಗಲಿಯಲ್ಲಿ ಪಂಚಾಯಿತಿ ಸೇರಿತು. ಸಮುದ್ರ ದಾಟಿದವನು ತಲೆ ಬೋಳಿಸಿಕೊಂಡು, ನಾಲಿಗೆಗೆ ಕಾದ ಬಂಗಾರದ ಕಡ್ಡಿ ಮುಟ್ಟಿಸಿಕೊಂಡು ಶುದ್ಧನಾಗಬೇಕು ಎಂದು ಬೊಮ್ಮಲಿಂಗಪ್ಪ ಹೇಳಿದ. ಜಂಪಣ್ಣ ಎದ್ದು ನಿಂತ.

"ಈ ಓಣ್ಯಾಗಿನ ಮಗ್ಗದ ಮೇಲೆಲ್ಲಾ ಐತಲ್ಲ ನೂಲು, ಅದೂ ನಾನು ದಾಟಿದ ಸಮುದ್ರನೇ ದಾಟಿ ಬಂದೈತ್ರಿ. ಹೆಂಗಸರ ಕೈ ಬೇಯಿಸಿ ಬಂದೈತೆ. ಅದನ್ನ ದೇವಿಗೆ ಉಡಿಸ್ತೀರಿ, ಮದುವಣಗಿತ್ತಿಗೆ ಉಡಿಸ್ತೀರಿ, ಮಡಿ ಅಂತೀರಿ. ಅದರ ನಾಲಿಗೆ ಯಾರು ಸುಟ್ರಿ? ನಂದು ಯಾಕೆ ಸುಡ್ತೀರಿ?"

ಬೊಮ್ಮಲಿಂಗಪ್ಪನ ಸಿಟ್ಟು ನೆತ್ತಿಗೇರಿತು. ಜಂಪಣ್ಣನ ಮನೆಗೆ ನೀರು, ಬೆಂಕಿ, ನೂಲು ಯಾರೂ ಕೊಡಕೂಡದು ಎಂದು ಕಟ್ಟು ಮಾಡಿದರು. ರಂಗಕ್ಕ ಬಾವಿಗೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ಸರಿದರು.

ಸಂಕ್ರಾಂತಿ ಕಳೆದ ಮೇಲೆ ಸಣ್ಣತಿಮ್ಮಪ್ಪ ಸಾಹುಕಾರರು ಮೊಳಕಾಲ್ಮೂರಿಗೆ ಬಂದರು. ಅದೇ ಜಗಲಿಯಲ್ಲಿ ಅವರ ಕಾಲಿಗೆ ನೀರು ಕೊಟ್ಟು, ಆರತಿ ಎತ್ತಿ, ಹೋಳಿಗೆ ಬಡಿಸಿದರು. ಸುದ್ದಿ ಕೇಳಿ ಜಂಪಣ್ಣ ಖಾಲಿ ಮಗ್ಗದ ಮುಂದಿನಿಂದೆದ್ದು ಹಾಗೆಯೇ ಹೋದ.

"ಬೊಮ್ಮಲಿಂಗಪ್ನೋರೇ, ಒಂದೇ ಹಡಗಿನಾಗೆ ಹೋಗಿದ್ವಿ, ಒಂದೇ ಹಡಗಿನಾಗೆ ಬಂದ್ವಿ. ಇವರಿಗೆ ಹೋಳಿಗೆ, ನನಗೆ ಕಾದ ಕಡ್ಡಿ. ಯಾಕ್ರಿ?"

ಸಾಹುಕಾರರು ಎಲೆಯಿಂದ ತಲೆ ಎತ್ತಲಿಲ್ಲ. ಬೊಮ್ಮಲಿಂಗಪ್ಪ ತಡವರಿಸಿ, "ಅದೆಲ್ಲ ಇರ್ಲಿ ಬಿಡಪ್ಪ, ಒಂದು ಕಾಯಿ ಒಡೆದುಬಿಡು, ನಿನ್ನದೂ ಮಾಫಿ" ಎಂದ.

"ಮಾಫಿನಾ? ನಾನೇನು ತಪ್ಪು ಮಾಡೀನಿ ಅಂತ? ತಪ್ಪು ಮಾಡಿದ್ದು ಅಲ್ಲಿ ಒಬ್ಬಾಕಿಗೆ. ಮಾಫಿ ಕೊಡೋಳು ಅವಳು, ನೀವಲ್ಲ."

ಆ ವಾರವೇ ಮಗ್ಗ ಬಿಚ್ಚಿ ಬಂಡಿಗೆ ಹೇರಿ ಚಳ್ಳಕೆರೆಗೆ ಹೊರಟ. ರಂಗಕ್ಕ ಕಾಯಿ ಒಡೆದು ಮುಗಿಸೋಣ ಎಂದು ಜಗಳವಾಡಿದಳು, ಅತ್ತಳು, ಕೊನೆಗೆ ತಾನೇ ಬಂಡಿ ಹತ್ತಿದಳು. "ನಿನ್ನ ಹಟಕ್ಕೆ ನನ್ನ ಬಾವಿ, ನನ್ನ ಗೆಳತೇರು ಎಲ್ಲಾ ಹೋದ್ವು" ಎಂದು ದಾರಿಯುದ್ದಕ್ಕೂ ಅಂದಳು.

ಚಳ್ಳಕೆರೆಯಲ್ಲಿ ಅವನು ಹತ್ತಿ ಸೀರೆ ನೇಯ್ದ. ರೇಷ್ಮೆಯನ್ನು ಸಾಯುವವರೆಗೆ ಮಗ್ಗಕ್ಕೆ ಏರಿಸಲಿಲ್ಲ. ಸಂತೆಗೆ ಬಂದ ನನ್ನಿವಾಳದ ಕುರಿಯವರು ಅವನ ಬಾಗಿಲಲ್ಲಿ ಕೂತು, "ಚೀನಾದ್ದು ಹೇಳು ಜಂಪಣ್ಣ" ಎನ್ನುತ್ತಿದ್ದರು. ಸೊಟ್ಟ ಸೇತುವೆ, ಹಂದಿಯ ಗುಟುರು ಕೇಳಿ ನಗುತ್ತಿದ್ದರು. ಕಾರ್ಖಾನೆಯ ಬಾಗಿಲಿಗೆ ಬಂದಾಗ ಅವನ ದನಿ ಏರುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು. ಹೊತ್ತಾಯಿತೆಂದು ಒಬ್ಬೊಬ್ಬರೇ ಏಳುತ್ತಿದ್ದರು.

"ಕುಂತ್ಕಳ್ರಲೇ!" ಎಂದು ಅವನು ಗದರುತ್ತಿದ್ದ. "ನಕ್ಕೋರು ಇದನ್ನೂ ಕೇಳಿ ಹೋಗ್ರಿ."